ಜಗಳಗಂಟಿ ಹೆಂಡತಿ, ಮಾಳಿಗೆಯ ಮೂಲೆ: ಸತ್ಯವೇದ (ಬೈಬಲ್) ನಿಜವಾಗಿ ಏನು ಮಾಡು ಅನ್ನುತ್ತದೆ?

ಮಾಳಿಗೆವಾಸಿ
ಎಲ್ಲರಿಗೂ ಸ್ತೋತ್ರ. ಹೆಸರು ಹಾಕುವುದಿಲ್ಲ. ನಮ್ಮ ಸಭೆ ಚಿಕ್ಕದು, ಎಲ್ಲರಿಗೂ ಎಲ್ಲರೂ ಗೊತ್ತು.

ಮದುವೆಯಾಗಿ ಹತ್ತು ವರ್ಷದ ಮೇಲಾಯಿತು. ಈಚೆಗೆ ಮನೆಯಲ್ಲಿ ಜಗಳವಿಲ್ಲದ ದಿನವೇ ಇಲ್ಲ. ಬೆಳಿಗ್ಗೆ ಕುಕ್ಕರ್ ಕೂಗುವ ಮುಂಚೆ ಶುರುವಾದರೆ ರಾತ್ರಿ ಲೈಟ್ ಆರಿಸುವ ತನಕ. ಮಾತಾಡಿದರೆ ಎದುರುತ್ತರ ಅಂತಾಳೆ, ಸುಮ್ಮನಿದ್ದರೆ ಕಲ್ಲುಗುಂಡು ಅಂತಾಳೆ. ಮಗಳು ಈಗ ಪುಸ್ತಕ ಎತ್ತಿಕೊಂಡು ಪಕ್ಕದ ಮನೆಗೆ ಹೋಗಿ ಓದುತ್ತಾಳೆ.

ಸಭೆಯ ಹಿರಿಯರೊಬ್ಬರ ಹತ್ತಿರ ಹೇಳಿಕೊಂಡೆ. ಅವರು ನಕ್ಕು ಸತ್ಯವೇದದ ಜ್ಞಾನೋಕ್ತಿ ಪುಸ್ತಕದ 21:9 ತೆಗೆದರು. ಜಗಳಗಂಟಿ ಜೊತೆ ದೊಡ್ಡ ಮನೆಯಲ್ಲಿ ಇರುವುದಕ್ಕಿಂತ ಮಾಳಿಗೆಯ ಮೂಲೆಯೇ ವಾಸಿ ಅನ್ನುವ ವಚನ. "ಸೊಲೊಮೋನನೇ ಹೇಳಿದ್ದಾನೆ, ಮೂಲೆ ಹಿಡಿ ತಮ್ಮಾ" ಅಂದರು. ನಾನೂ ಕೆಲವು ದಿನ ನಿಜವಾಗಿಯೇ ಟೆರೇಸ್ ಮೇಲೆ ಚಾಪೆ ಹಾಕಿಕೊಂಡು ಮಲಗಿದೆ. ಸೊಳ್ಳೆ ಕಚ್ಚಿದ್ದು ಬಿಟ್ಟರೆ ಏನೂ ಆಗಲಿಲ್ಲ, ಜಗಳ ಇನ್ನೂ ಜಾಸ್ತಿಯಾಯಿತು.

ಇಂಥ ಸಂಗಾತಿ ಜೊತೆ ಬಾಳುವುದು ಹೇಗೆ ಅಂತ ಸತ್ಯವೇದದಲ್ಲಿ ಎಲ್ಲಾದರೂ ಸರಿಯಾಗಿ ಹೇಳಿದೆಯಾ? ಅಥವಾ ಸಹಿಸಿಕೋ ಅನ್ನುವುದೊಂದೇ ಉತ್ತರವಾ?

ಬಿಸಿಲೂರು
ಸೊಲೊಮೋನ ರಾಜನಿಗೆ 700 ಹೆಂಡತಿಯರು, 300 ಉಪಪತ್ನಿಯರು. ಅಷ್ಟು ಜನರನ್ನು ಕಟ್ಟಿಕೊಂಡವನಿಗೆ ಮಾಳಿಗೆಯ ಮೂಲೆಯಾದರೂ ಖಾಲಿ ಸಿಕ್ಕಿತ್ತಾ ಅನ್ನುವುದು ನನ್ನ ಡೌಟು 😄

ಸಂಡೇಸ್ಕೂಲ್ ಮೇಷ್ಟ್ರು
ಬಿಸಿಲೂರು ಅವರ ಜೋಕು ಇರಲಿ. ಜ್ಞಾನೋಕ್ತಿ ಪೂರ್ತಿ ಸೊಲೊಮೋನ ಒಬ್ಬನದೇ ಅಲ್ಲ. 25:1 ನೋಡಿ, ಅಲ್ಲಿಂದ ಮುಂದಿನದನ್ನು ಹಿಜ್ಕೀಯ ರಾಜನ ಜನ ನಕಲು ಮಾಡಿದರು ಅಂತಿದೆ. 30 ಆಗೂರನದು, 31 ಲೆಮೂವೇಲನಿಗೆ ಅವನ ತಾಯಿ ಕಲಿಸಿದ್ದು.

ಬ್ರದರ್, ಗಾದೆ ಅಂದರೆ ಆಜ್ಞೆ ಅಲ್ಲ. ಲೋಕದಲ್ಲಿ ಹೀಗಿರುತ್ತೆ ಅಂತ ಕಂಡದ್ದನ್ನು ಹೇಳುವುದು ಅಷ್ಟೆ. ಮಾಳಿಗೆಯ ಮಾತು 25:24ರಲ್ಲಿ ಮತ್ತೆ ಬರುತ್ತದೆ, 21:19ರಲ್ಲಿ ಅಡವಿಯೇ ವಾಸಿ ಅಂತ ಬರುತ್ತದೆ, ಜಗಳಗಂಟಿ ಹೆಂಡತಿ ಅಂದರೆ ತಟತಟ ಸೋರುವ ಮನೆ ಹಾಗೆ ಅನ್ನುವ ಮಾತು 19:13 ಮತ್ತು 27:15ರಲ್ಲಿದೆ. ಯಾವುದರಲ್ಲೂ "ಹೋಗಿ ಅಲ್ಲಿ ಮಲಗು" ಅಂತಿಲ್ಲ. ಯುವಕರಿಗೆ ಬುದ್ಧಿ ಹೇಳುವ ಪುಸ್ತಕ ಅದು, ಅದಕ್ಕೇ ಕಾಟ ಕೊಡುವವರು ಹೆಂಡತಿಯರೇ ಆಗಿ ಕಾಣುತ್ತಾರೆ. ಹೆಣ್ಣುಮಕ್ಕಳಿಗೆ ಬರೆದಿದ್ದರೆ ಮಾಳಿಗೆಗೆ ಹೋಗುವವರು ಬೇರೆಯೇ ಇರುತ್ತಿದ್ದರು. 26:21ರಲ್ಲಿ ಜಗಳಗಂಟ ಗಂಡಸೂ ಇದ್ದಾನೆ, ಕೆಂಡಕ್ಕೆ ಇದ್ದಲು ಹಾಕಿದ ಹಾಗೆ ವ್ಯಾಜ್ಯ ಎಬ್ಬಿಸುವವನು. ಆ ವಚನವನ್ನು ಮದುವೆ ಊಟದಲ್ಲಿ ಯಾರೂ ಜೋಕಾಗಿ ಹೇಳಿದ್ದು ಕೇಳಿಲ್ಲ.

ಗದಗಿನ ಅಕ್ಕ
ತಮ್ಮಾ, ಇಷ್ಟು ಬರೆದಿದ್ದೀರಿ. ಜಗಳ ಯಾತಕ್ಕೆ ಅಂತ ಒಂದು ಸಾಲೂ ಇಲ್ಲವಲ್ಲ?

ದೃಢವಾಕ್ಯ
ಕಾರಣ ಏನೇ ಇರಲಿ. ಎಫೆಸ 5:22, ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು. ಅಲ್ಲಿಗೆ ಮುಗಿಯಿತು. ಈಗಿನ ಸಭೆಗಳಲ್ಲಿ ಇದನ್ನು ಬೋಧಿಸುವ ಧೈರ್ಯ ಇಲ್ಲ, ಅದಕ್ಕೇ ಮನೆಗಳು ಹೀಗಾಗಿವೆ.

ಸಂಡೇಸ್ಕೂಲ್ ಮೇಷ್ಟ್ರು
5:22ಕ್ಕೆ ಒಂದು ಮುಂಚೆ 5:21 ಇದೆ, ಒಬ್ಬರಿಗೊಬ್ಬರು ಅಧೀನರಾಗಿರಿ ಅಂತ. ಹೆಂಡತಿಗೆ ಹೇಳಿದ್ದು ಮೂರು ವಚನದಲ್ಲಿ ಮುಗಿಯುತ್ತದೆ. ಗಂಡನಿಗೆ 25ರಿಂದ ಶುರುವಾಗಿದ್ದು ಅಧ್ಯಾಯದ ಕೊನೆ ತನಕ ಹೋಗುತ್ತದೆ, ಕ್ರಿಸ್ತ ಸಭೆಗಾಗಿ ಪ್ರಾಣ ಕೊಟ್ಟ ಹಾಗೆ ಪ್ರೀತಿಸು ಅಂತ. ಕೊಲೊಸ್ಸೆ 3:19ರಲ್ಲಿ ಇನ್ನೂ ನೇರ: ಹೆಂಡತಿಗೆ ನಿಷ್ಠುರವಾಗಿರಬೇಡಿ.

ಮಾಳಿಗೆವಾಸಿ
ಅಕ್ಕಾ, ಕಾರಣ ಅಂದರೆ ಚಿಕ್ಕಪುಟ್ಟದ್ದು. ಸ್ಕೂಲ್ ಫೀಸ್ ಕಟ್ಟುವ ಮುಂಚೆ ಸಭೆಗೆ ಕೊಡುವ ದಶಮಾಂಶದ ಕವರ್ ಯಾಕೆ ಎತ್ತಿಟ್ಟೆ ಅಂತ. ಅಮ್ಮನಿಗೆ ಎಷ್ಟು ಕಳಿಸಿದೆ ಅಂತ. ಅವಳ ದೊಡ್ಡ ದೂರು ಅಂದರೆ ನಮ್ಮ ತಮ್ಮ ಟಾಟಾ ಏಸ್ ತೆಗೆದುಕೊಳ್ಳುವಾಗ ನಾನು ಸೊಸೈಟಿ ಸಾಲಕ್ಕೆ ಜಾಮೀನು ಹಾಕಿದ್ದು. ಹೇಳಿದರೆ ಬೇಡ ಅಂತಾಳೆ ಅಂತ ಹೇಳಿರಲಿಲ್ಲ. ಈಗ ತಮ್ಮ ಕಂತು ಬಾಕಿ ಮಾಡಿದ, ನೋಟಿಸ್ ಮನೆಗೆ ಬಂತು, ಅವಳೇ ಸಹಿ ಮಾಡಿ ತೆಗೆದುಕೊಂಡಳು. ಒಡಹುಟ್ಟಿದವನಿಗೆ ನಾನಲ್ಲದೆ ಯಾರು ನಿಲ್ಲಬೇಕು ಹೇಳಿ.

ಗದಗಿನ ಅಕ್ಕ
ಚಿಕ್ಕಪುಟ್ಟದ್ದು!

ಬಿಸಿಲೂರು
ನೋಟಿಸ್ ಅವರೇ ಸಹಿ ಮಾಡಿ ತೆಗೆದುಕೊಂಡರಾ 🙆 ಅಣ್ಣಾ, ಸೊಳ್ಳೆ ಪರದೆ ಖರೀದಿ ಮಾಡಿ.

ಬೀದರ್ ಮೆಥೊಡಿಸ್ಟ್
ಮಾಳಿಗೆವಾಸಿಯವರೇ, ನೀವು 21ನೇ ಅಧ್ಯಾಯ ತೆಗೆದಿರಿ. ಅದೇ ಪುಸ್ತಕದ 6ನೇ ಅಧ್ಯಾಯ 1ರಿಂದ 5 ಓದಿ. ಇನ್ನೊಬ್ಬನ ಸಾಲಕ್ಕೆ ಜಾಮೀನು ನಿಂತಿದ್ದರೆ ಮಾತಿನ ಬಲೆಗೆ ಬಿದ್ದಿದ್ದೀಯ, ನಿದ್ದೆ ಮಾಡಬೇಡ, ಹೋಗಿ ಅಂಗಲಾಚಿ ಬಿಡಿಸಿಕೋ, ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವ ಹಾಗೆ ಓಡು ಅಂತಿದೆ. 11:15ರಲ್ಲಿ ಮತ್ತೆ ಅದೇ. 17:18ರಲ್ಲಿ ಜಾಮೀನು ನಿಲ್ಲುವವನು ಬುದ್ಧಿ ಇಲ್ಲದವನು ಅಂತಲೇ ಹೇಳಿದೆ. 22:27 ಇನ್ನೂ ಮಜಾ ಇದೆ: ತೀರಿಸಲು ಏನೂ ಇಲ್ಲದಿದ್ದರೆ ನಿನ್ನ ಕೆಳಗಿನ ಹಾಸಿಗೆಯನ್ನೇ ಯಾಕೆ ಕಿತ್ತುಕೊಂಡು ಹೋಗಬೇಕು?

ಜಗಳಗಂಟಿಯ ಬಗ್ಗೆ ಎಷ್ಟು ಸಲ ಹೇಳಿದ್ದಾರೋ ಜಾಮೀನಿನ ಬಗ್ಗೆ ಕಡಿಮೆ ಏನೂ ಹೇಳಿಲ್ಲ. ನಿಮ್ಮ ಹಿರಿಯರು ಆ ಪುಟ ತಿರುಗಿಸಲಿಲ್ಲ ನೋಡಿ.

ಮಾಳಿಗೆವಾಸಿ
1 ತಿಮೊಥೆ 5:8 ಏನು ಹೇಳುತ್ತದೆ? ಸ್ವಂತ ಜನರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ. ತಮ್ಮ ಸ್ವಂತ ಜನ ಅಲ್ವಾ?

ಸಂಡೇಸ್ಕೂಲ್ ಮೇಷ್ಟ್ರು
ಆ ವಚನದಲ್ಲೇ ವಿಶೇಷವಾಗಿ ತನ್ನ ಮನೆಯವರನ್ನು ಅಂತಲೂ ಇದೆ. ಫೀಸ್ ಬಾಕಿ ಇರುವ ಮಗಳು ಮನೆಯವಳಲ್ವಾ?

ದೃಢವಾಕ್ಯ
ಎಲ್ಲರೂ ಸೇರಿ ಆ ಬ್ರದರನ್ನು ಹುರಿದು ಮುಕ್ಕುತ್ತಿದ್ದೀರಿ. ಅವರು ಎಡವಿದ್ದರೂ ಹೆಂಡತಿ ಬಾಯಿ ಮಾಡುವುದು ಸರಿಯಾಗುತ್ತಾ? 1 ಪೇತ್ರ 3:1, ವಾಕ್ಯಕ್ಕೆ ವಿಧೇಯನಾಗದ ಗಂಡನನ್ನೂ ಮಾತಿಲ್ಲದೆ ನಡತೆಯಿಂದಲೇ ಗೆಲ್ಲಬೇಕು. ಮಾತಿಲ್ಲದೆ!

ರಾಯಚೂರು ರೊಟ್ಟಿ
ಹಾಗಾದರೆ ಅಬೀಗೈಲ್ ಏನು ಮಾಡಿದಳು? ಕಾಟ ಕೊಡುವ ಸಂಗಾತಿಯ ಬಗ್ಗೆ ಸತ್ಯವೇದದಲ್ಲಿ ಉದ್ದಕ್ಕೆ ಹೇಳಿದ ಕಥೆ ಅಂದರೆ ನನಗೆ ನೆನಪಾಗುವುದು 1 ಸಮುವೇಲ 25. ಅಲ್ಲಿ ಕಾಟ ಕೊಡುವವನು ಗಂಡ.

ನಾಬಾಲ. 3000 ಕುರಿ, 1000 ಮೇಕೆ, ಕರ್ಮೆಲಿನಲ್ಲಿ ಉಣ್ಣೆ ಕತ್ತರಿಸುವ ಹಬ್ಬ. ಅಡವಿಯಲ್ಲಿ ಅವನ ಕುರುಬರಿಗೆ ಕಾವಲಾಗಿದ್ದ, ಮುಂದೆ ರಾಜನಾದ ದಾವೀದನ ಹುಡುಗರು ಬಂದು ಊಟಕ್ಕೆ ಏನಾದರೂ ಕೊಡಿ ಅಂದರು. ಇವನು ದಾವೀದ ಯಾರು, ಒಡೆಯನನ್ನು ಬಿಟ್ಟು ಓಡಿಬಂದ ಆಳುಗಳು ಈಗ ಬೇಕಾದಷ್ಟಿದ್ದಾರೆ ಅಂತ ಅವಮಾನ ಮಾಡಿ ಕಳಿಸಿದ. ದಾವೀದ 400 ಜನರಿಗೆ ಕತ್ತಿ ಕಟ್ಟಿಸಿಕೊಂಡು ಹೊರಟ. ಆಗ ಒಬ್ಬ ಆಳು ಯಾರ ಹತ್ತಿರ ಓಡಿದ? ಯಜಮಾನನ ಹತ್ತಿರ ಅಲ್ಲ, ಅಬೀಗೈಲ್ ಹತ್ತಿರ. ನಮ್ಮ ಯಜಮಾನ ಎಷ್ಟು ಕೆಟ್ಟವನೆಂದರೆ ಅವನ ಜೊತೆ ಮಾತಾಡುವ ಹಾಗೇ ಇಲ್ಲ ಅಂತ ಹೇಳಿದ. ಮನೆ ಆಳಿಗೂ ಗೊತ್ತು!

ಅವಳು ಏನು ಮಾಡಿದಳು ನೋಡಿ. 200 ರೊಟ್ಟಿ, ಎರಡು ತಿತ್ತಿ ದ್ರಾಕ್ಷಾರಸ, ಐದು ಕುರಿಯ ಅಡುಗೆ, ಹುರಿದ ಕಾಳು, 100 ಒಣದ್ರಾಕ್ಷಿ ಗೊಂಚಲು, 200 ಅಂಜೂರದ ಉಂಡೆ, ಎಲ್ಲಾ ಕತ್ತೆಗಳ ಮೇಲೆ ಹೇರಿಸಿದಳು. ಗಂಡನಿಗೆ ಹೇಳಲಿಲ್ಲ. ಕೇಳಲೂ ಇಲ್ಲ. ದಾವೀದನ ಕಾಲಿಗೆ ಬಿದ್ದು, ಆ ನೀಚನ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಅಂದಳು. ಗಂಡನನ್ನೇ ನೀಚ ಅಂದಳು, ಅದೂ ಪರರ ಮುಂದೆ. ದಾವೀದ ಅವಳ ಬುದ್ಧಿಯನ್ನು ಹೊಗಳಿದ. ಅವಳು ಗಂಡನ ಆಜ್ಞೆ ಮೀರಿದಳು ಅಂತ ಇಡೀ ಅಧ್ಯಾಯದಲ್ಲಿ ಒಂದು ಆಕ್ಷೇಪ ಇಲ್ಲ.

ನನಗೆ ಇಷ್ಟವಾಗುವುದು ಮುಂದಿನ ಭಾಗ. ವಾಪಸ್ ಬಂದಾಗ ಅವನು ಕಂಠಪೂರ್ತಿ ಕುಡಿದಿದ್ದ. ಬೆಳಗಾಗುವ ತನಕ ಅವಳು ತುಟಿ ಬಿಚ್ಚಲಿಲ್ಲ. ಅಮಲು ಇಳಿದ ಮೇಲೆ ಎಲ್ಲಾ ಹೇಳಿದಳು. ಎಲ್ಲಾ ಹೇಳಿದಳು, ಮುಚ್ಚಿಡಲಿಲ್ಲ. ಮಾತಿಲ್ಲದೆ ಗೆಲ್ಲುವುದು ಅಂದರೆ ಬಾಯಿಗೆ ಬೀಗ ಅಲ್ಲ, ಯಾವಾಗ ಮಾತಾಡಬೇಕು ಅನ್ನುವ ಅಂದಾಜು.

ದೃಢವಾಕ್ಯ
ಅದು ಪ್ರಾಣಕ್ಕೆ ಬಂದ ಸಮಯ. ದಿನಾ ಬೆಳಿಗ್ಗೆ ದಾವೀದ ಕತ್ತಿ ಹಿಡಿದು ಬರುವುದಿಲ್ಲ.

ರಾಯಚೂರು ರೊಟ್ಟಿ
ಸೊಸೈಟಿ ನೋಟಿಸ್ ಬರುತ್ತದಲ್ಲ.

ಕುಕ್ಕರ್ ಮೂರು ವಿಷಲ್
ನಾವು ಹಿಂದೂಗಳು, ಸುಮ್ನೆ ಓದುತ್ತಾ ಇದ್ದೆ. ನಮ್ಮಲ್ಲಿ ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ನಿಮ್ಮಲ್ಲಿ ಏನಾದರೂ ಟೈಮ್ ಲಿಮಿಟ್ ಇದೆಯಾ?

ಬೀದರ್ ಮೆಥೊಡಿಸ್ಟ್
ಇದೆ. ಎಫೆಸ 4:26, ಸೂರ್ಯ ಮುಳುಗುವ ತನಕ. ನಮ್ಮದು ಊಟಕ್ಕೆ ಮುಂಚೆಯೇ ಮುಗಿಯಬೇಕು 😀

ಬಿಸಿಲೂರು
ನೈಟ್ ಶಿಫ್ಟ್‌ನವರು ಏನು ಮಾಡಬೇಕು? ನಾನು ಮನೆಯಿಂದ ಹೊರಡುವುದೇ ಸೂರ್ಯ ಮುಳುಗಿದ ಮೇಲೆ.

ಮಸ್ಕತ್ ನರ್ಸ್
ನಮ್ಮವರು ಊರಲ್ಲಿ, ನಾನು ಇಲ್ಲಿ. ಒಂದೂವರೆ ಗಂಟೆ ವ್ಯತ್ಯಾಸ. ಯಾರ ಸೂರ್ಯ ಅಂತ ಅದಕ್ಕೂ ಜಗಳ ಆಡಿದ್ದೇವೆ.

ಸಂಡೇಸ್ಕೂಲ್ ಮೇಷ್ಟ್ರು
ಅದು ಇಡೀ ಸಭೆಗೆ ಬರೆದ ಮಾತು, ಗಂಡ ಹೆಂಡತಿಗೆ ಅಂತಲೇ ಅಲ್ಲ. ಎಲ್ಲಾ ಜಗಳ ರಾತ್ರಿಯೇ ಮುಗಿಸಬೇಕು ಅಂತ ಹಟ ಹಿಡಿದು ಎರಡು ಗಂಟೆ ತನಕ ಕೂಗಾಡುವವರನ್ನು ನೋಡಿದ್ದೇನೆ. ಕೋಪವನ್ನು ಸಾಕಿಕೊಳ್ಳಬೇಡ ಅನ್ನುವುದು ಅದರ ಸಾರ. ಅಬೀಗೈಲ್ ಬೆಳಗಿನ ತನಕ ಕಾದಳಲ್ಲ.

ಹೆಸರು ಬೇಡ
ಇಲ್ಲಿ ನಗುತ್ತಿದ್ದೀರಿ, ನಗಿ. ನನ್ನದು ಬೇರೆ ಕಥೆ. ನಮ್ಮ ಮನೆಯಲ್ಲಿ ಜಗಳ ಅಂದರೆ ಬೆಲ್ಟ್. ಕೈ ಊದಿಕೊಂಡು ಸಭೆಗೆ ಹೋಗುವಾಗ ತುಂಬು ತೋಳಿನ ಬ್ಲೌಸ್ ಹಾಕುತ್ತಿದ್ದೆ, ಬೇಸಿಗೆಯಲ್ಲೂ. ಸಭಾಪಾಲಕರಿಗೆ ಹೇಳಿದಾಗ ಇದೇ 1 ಪೇತ್ರ 3:1 ಓದಿ, ಪ್ರಾರ್ಥನೆ ಮಾಡಿ, ವಾಪಸ್ ಕಳಿಸಿದರು. ಅವರ ಹೆಂಡತಿ ಮಾತ್ರ ಗೇಟಿನ ತನಕ ಬಂದು ನನ್ನ ಕೈಗೆ ಬಸ್ ಚಾರ್ಜು ತುರುಕಿ "ತವರಿಗೆ ಹೋಗು" ಅಂದರು. ಹೋದೆ.

ಆಮೇಲೆ ಎಷ್ಟೋ ಜನ ಮಲಾಕಿಯ 2:16 ಹೇಳಿದರು, ದೇವರು ವಿಚ್ಛೇದನವನ್ನು ದ್ವೇಷಿಸುತ್ತಾನೆ ಅಂತ. ಅದೇ ವಚನದ ಉಳಿದ ಅರ್ಧದಲ್ಲಿ ಹಿಂಸೆಯ ಮಾತಿದೆ. ಅದನ್ನು ಯಾರೂ ಓದಲಿಲ್ಲ. ಪೇತ್ರನದೂ ಅಷ್ಟೆ, 3:7ರಲ್ಲಿ ಹೆಂಡತಿಗೆ ಮರ್ಯಾದೆ ಕೊಡದಿದ್ದರೆ ಗಂಡನ ಪ್ರಾರ್ಥನೆಗೇ ಅಡ್ಡಿ ಅಂತಿದೆ. ದೃಢವಾಕ್ಯ ಬ್ರದರ್, ನೀವು ಬೈಯುವುದಿದ್ದರೆ ಬೈಯಿರಿ.

ದೃಢವಾಕ್ಯ
ಸಿಸ್ಟರ್, ಹೊಡೆಯುವುದನ್ನು ನಾನು ಸಮರ್ಥಿಸಿಲ್ಲ. ಹೊಡೆಯುವವನನ್ನು ಸಭೆ ಶಿಸ್ತಿಗೆ ಒಳಪಡಿಸಬೇಕು. ಆದರೆ ಬಾಯಿಜಗಳಕ್ಕೂ ಇದನ್ನೇ ಹೇಳಿ ಜನ ಮನೆ ಬಿಡುತ್ತಿದ್ದಾರೆ, ನನ್ನ ಆಕ್ಷೇಪ ಅದು.

ಗದಗಿನ ಅಕ್ಕ
ಈ ಮಾತನ್ನು ಮೊದಲನೇ ಕಾಮೆಂಟಿನಲ್ಲೇ ಬರೆದಿದ್ದರೆ ಅರ್ಧ ಜಗಳ ತಪ್ಪುತ್ತಿತ್ತು. ಹೆಸರು ಬೇಡ, ಆ ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸು.

ಕುಡ್ಲದ ಕ್ಯಾಥೊಲಿಕ್
ನಮ್ಮಲ್ಲಿ ವಿಚ್ಛೇದನ ಇಲ್ಲ, ಆದರೆ ದೂರ ಇರುವುದಕ್ಕೆ ದಾರಿ ಇದೆ. ನಮ್ಮ ಸಭೆಯ ನಿಯಮಾವಳಿ, ಅಂದರೆ 1983ರ ಕ್ಯಾನನ್ ಕಾನೂನಿನ 1153ನೇ ನಿಯಮ. ಸಂಗಾತಿಯಿಂದ ಆತ್ಮಕ್ಕೋ ದೇಹಕ್ಕೋ ದೊಡ್ಡ ಅಪಾಯವಿದ್ದರೆ, ಅಥವಾ ಜೊತೆಗಿರುವುದು ತೀರಾ ಕಷ್ಟವಾದರೆ ಬೇರೆ ಇರಬಹುದು. ಬಿಷಪ್ ಅನುಮತಿ ಕೇಳಬೇಕು, ತಡ ಮಾಡಿದರೆ ಅಪಾಯ ಅನ್ನುವಾಗ ಕೇಳದೆಯೂ ಹೊರಡಬಹುದು. ಕಾರಣ ಹೋದ ಮೇಲೆ ಮತ್ತೆ ಸೇರಬೇಕು. ಪೌಲನೂ 1 ಕೊರಿಂಥ 7:11ರಲ್ಲಿ ಬಿಟ್ಟು ಹೋಗಬಾರದು ಅಂದವನೇ, ಹೋದರೆ ಮದುವೆಯಾಗದೆ ಇರಲಿ ಇಲ್ಲ ಸಮಾಧಾನವಾಗಲಿ ಅಂದ. ಹೋಗುವವರು ಇರುತ್ತಾರೆ ಅಂತ ಅವನಿಗೆ ಗೊತ್ತಿತ್ತು.

ಬಿಸಿಲೂರು
ಯೇಸುವಿನ ಕಾಲದಲ್ಲಿ ಅನ್ನ ಸೀದರೂ ಬಿಡಬಹುದು ಅಂತಿತ್ತಂತೆ, ಹೌದಾ?

ಸಂಡೇಸ್ಕೂಲ್ ಮೇಷ್ಟ್ರು
ಯೆಹೂದ್ಯ ಗುರುಗಳಲ್ಲಿ ಎರಡು ಪಕ್ಷ ಇತ್ತು. ಶಮ್ಮಾಯ್ ಪಂಥದವರು ನಡತೆಗೆಟ್ಟರೆ ಮಾತ್ರ ಅಂದರು. ಹಿಲ್ಲೇಲ್ ಪಂಥದವರು ಅಡುಗೆ ಸೀಯಿಸಿದರೂ ಸಾಕು ಅಂದರು. ಯೆಹೂದ್ಯರ ಹಳೇ ಧರ್ಮನಿಯಮಗಳ ಸಂಗ್ರಹ ಮಿಷ್ನಾದಲ್ಲಿ ಇದೆ. ಮತ್ತಾಯ 19:3ರಲ್ಲಿ ಯಾವುದೋ ಒಂದು ಕಾರಣಕ್ಕೆ ಹೆಂಡತಿಯನ್ನು ಬಿಡಬಹುದಾ ಅಂತ ಫರಿಸಾಯರು ಅನ್ನುವ ಯೆಹೂದ್ಯ ಪಂಥದವರು ಕೇಳಿದ್ದು ಈ ಹಿನ್ನೆಲೆಯಲ್ಲಿ. ಯೇಸು ಕೊಟ್ಟ ಉತ್ತರ ಗಂಡಸರಿಗೆ ಎಷ್ಟು ಬಿಗಿಯಾಯಿತು ಅಂದರೆ, ಹಾಗಾದರೆ ಮದುವೆಯಾಗದಿರುವುದೇ ವಾಸಿ ಅಂತ ಶಿಷ್ಯರೇ ಅಂದುಬಿಟ್ಟರು.

ವಕೀಲಮ್ಮ
ಕಾನೂನಿನ ಮಾತು ಚಿಕ್ಕದಾಗಿ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ. 2001ರ ತಿದ್ದುಪಡಿ ತನಕ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದನ್ನು ತೋರಿಸಿದರೆ ಸಾಕಿತ್ತು. ಹೆಂಡತಿ ಮಾತ್ರ ವ್ಯಭಿಚಾರದ ಜೊತೆ ಕ್ರೌರ್ಯವನ್ನೋ ಬಿಟ್ಟುಹೋದದ್ದನ್ನೋ ಸೇರಿಸಿ ತೋರಿಸಬೇಕಿತ್ತು. ಈಗ ಇಬ್ಬರಿಗೂ ಕ್ರೌರ್ಯ ಒಂದೇ ಸಾಕು. ಮದುವೆ ಮುರಿಯದೆ ಬೇರೆ ಇರಬೇಕು ಅನ್ನುವವರಿಗೆ 22ನೇ ಸೆಕ್ಷನ್ ಇದೆ. ಹೊಡೆತ ಬಡಿತ ಇದ್ದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ, ಮನೆ ಬಿಡದೆಯೂ ರಕ್ಷಣೆಯ ಆದೇಶ ಸಿಗುತ್ತದೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ರಾಯಚೂರು ರೊಟ್ಟಿ
ಸೋರುವ ಮನೆಯ ವಚನಕ್ಕೆ ವಾಪಸ್ ಬರುತ್ತೇನೆ. ಇಸ್ರಾಯೇಲಿನ ಮನೆಗಳದ್ದು ಚಪ್ಪಟೆ ಮಾಳಿಗೆ. ತೊಲೆ ಇಟ್ಟು, ಮೇಲೆ ಕಡ್ಡಿ ಕೊಂಬೆ ಹಾಸಿ, ಮಣ್ಣು ಮೆತ್ತುತ್ತಿದ್ದರು. ನಮ್ಮ ಕಡೆ ಹಳೇ ಮಣ್ಣಿನ ಮಾಳಿಗೆ ನೋಡಿದವರಿಗೆ ವಿವರಿಸಬೇಕಿಲ್ಲ. ಮಳೆಗಾಲಕ್ಕೆ ಮುಂಚೆ ಅಜ್ಜ ಮೇಲೆ ಹತ್ತಿ ಹೊಸ ಮಣ್ಣು ಹಾಕಿ, ತುಳಿದು, ಇಲಿ ತೋಡಿದ ಬಿಲ ಮುಚ್ಚಿ ಬರುತ್ತಿದ್ದ. ಒಂದು ವರ್ಷ ಬಿಟ್ಟರೆ ಮುಗಿಯಿತು, ಜೋಳದ ಚೀಲದ ಮೇಲೇ ಹನಿ. ಅಜ್ಜಿ ರಾತ್ರಿಯೆಲ್ಲಾ ತಾಟು, ಚರಿಗೆ, ಕೊನೆಗೆ ರೊಟ್ಟಿ ಬುಟ್ಟಿಯನ್ನೂ ಹಿಡಿದುಕೊಂಡು ಓಡಾಡುತ್ತಿದ್ದಳು.

ಈಗ ಪ್ರಸಂಗಿ 10:18 ನೋಡಿ. ಸೋಮಾರಿತನದಿಂದ ತೊಲೆ ಬಗ್ಗುತ್ತದೆ, ಕೈಕಟ್ಟಿ ಕೂತರೆ ಮನೆ ಸೋರುತ್ತದೆ. ತಟತಟ ಅನ್ನುವ ಸದ್ದಿಗೆ ಬೈಯುವುದು ಸುಲಭ. ಮಣ್ಣು ಹಾಕಬೇಕಾಗಿದ್ದವನು ಯಾರು ಅಂತ ಕೇಳುವುದು ಕಷ್ಟ.

ಮಾಳಿಗೆವಾಸಿ
ಮಾತು ತಿರುಗಿ ನನ್ನ ತಲೆಗೇ ಬರುತ್ತದಲ್ಲ ಇಲ್ಲಿ. ಜಾಮೀನು ಹೋದ ವರ್ಷದ್ದು. ಅವಳ ಬಾಯಿ ಅದಕ್ಕೂ ಮುಂಚಿನದು.

ಬೀದರ್ ಮೆಥೊಡಿಸ್ಟ್
ಅದೂ ಇರಬಹುದು, ನಾನು ಒಪ್ಪುತ್ತೇನೆ. ಕೆಲವರ ಸ್ವಭಾವವೇ ಹಾಗಿರುತ್ತದೆ. ಮೆಥೊಡಿಸ್ಟ್ ಪಂಥ ಶುರುಮಾಡಿದ ನಮ್ಮ ಜಾನ್ ವೆಸ್ಲಿಯವರದೇ ನೋಡಿ. 1751ರಲ್ಲಿ ವಿಧವೆಯೊಬ್ಬರನ್ನು ಮದುವೆಯಾದರು. ಆಕೆ ಅವರ ಕಾಗದಗಳನ್ನು ಒಡೆದು ಓದುತ್ತಿದ್ದರು, ಸಂಶಯ ಪಡುತ್ತಿದ್ದರು. 1771ರಲ್ಲಿ ಮನೆ ಬಿಟ್ಟು ಹೋದಾಗ ವೆಸ್ಲಿ ಡೈರಿಯಲ್ಲಿ ಲ್ಯಾಟಿನ್‌ನಲ್ಲಿ ಬರೆದರು: ನಾನು ಅವಳನ್ನು ಬಿಟ್ಟಿಲ್ಲ, ಕಳಿಸಿಲ್ಲ, ವಾಪಸ್ ಕರೆಯುವುದೂ ಇಲ್ಲ. ಜಗಳಗಂಟಿಯ ಉದಾಹರಣೆಗೆ ಪ್ರಸಂಗಗಳಲ್ಲಿ ಆಕೆಯ ಹೆಸರು ಬರುತ್ತಲೇ ಇರುತ್ತದೆ. ಆದರೆ ಮದುವೆಯಾದ ಹೊಸದರಲ್ಲೇ ಅವರು, ಮದುವೆಯಾಯಿತು ಅಂತ ಮೆಥೊಡಿಸ್ಟ್ ಬೋಧಕ ಒಂದು ಪ್ರಸಂಗವನ್ನಾಗಲಿ ಒಂದು ದಿನದ ಪ್ರಯಾಣವನ್ನಾಗಲಿ ಕಡಿಮೆ ಮಾಡಬಾರದು ಅಂತಲೂ ಬರೆದಿದ್ದರು. ಹಾಗೇ ನಡೆದರು ಕೂಡ. ಅಂಥ ಮನೆಯಲ್ಲಿ ಯಾರು ನಗುನಗುತ್ತಾ ಇರುತ್ತಾರೆ ಹೇಳಿ.

ಮಸ್ಕತ್ ನರ್ಸ್
ಮಿಷನರಿ ವಿಲಿಯಂ ಕೇರಿಯ ಹೆಂಡತಿ ಡೊರೊಥಿಯ ಬಗ್ಗೆಯೂ ಹೀಗೇ ಹೇಳುವುದು ಕೇಳಿದ್ದೇನೆ, ಕಾಟದ ಹೆಂಡತಿ ಅಂತ. ಮೊದಲು ಬರುವುದಿಲ್ಲ ಅಂದವರು, ಕೈಗೂಸು ಎತ್ತಿಕೊಂಡು 1793ರಲ್ಲಿ ಬಂಗಾಳಕ್ಕೆ ಬಂದರು. ಮರುವರ್ಷ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಆಮೇಲೆ ಅವರ ಮನಸ್ಸು ಸ್ಥಿಮಿತಕ್ಕೆ ಬರಲೇ ಇಲ್ಲ. ಗಂಡನ ಮೇಲೆ ಇಲ್ಲದ ಆರೋಪ ಹೊರಿಸಿ ಕೂಗಾಡುತ್ತಿದ್ದರು, 1807ರಲ್ಲಿ ಸತ್ತರು. ಅದು ಕಾಯಿಲೆ.

ಮಾಳಿಗೆವಾಸಿ ಅಣ್ಣ, ನಿಮ್ಮ ಮನೆಯವರು ನಿದ್ದೆ ಮಾಡುತ್ತಾರಾ? ಊಟ ಸೇರುತ್ತಾ? ಮೊದಲಿಗಿಂತ ಸುಸ್ತು, ಅಳು ಜಾಸ್ತಿ ಅನ್ನಿಸಿದರೆ ಥೈರಾಯ್ಡ್, ರಕ್ತ ಒಂದು ಸಲ ನೋಡಿಸಿ. ಹುಚ್ಚು ಅಂತ ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ.

ಮಾಳಿಗೆವಾಸಿ
ನಿದ್ದೆ ಇಲ್ಲ. ರಾತ್ರಿ ಎದ್ದು ಕೂತು ಕ್ಯಾಲ್ಕುಲೇಟರ್ ಒತ್ತುತ್ತಿರುತ್ತಾಳೆ.

ಗದಗಿನ ಅಕ್ಕ
ಕ್ಯಾಲ್ಕುಲೇಟರ್ ಒತ್ತುವವಳು ಜಗಳಗಂಟಿ ಅಲ್ಲಪ್ಪಾ, ಹೆದರಿದ್ದಾಳೆ.

ಇನ್ನೊಂದು. ಮತ್ತಾಯ 18:15ರಲ್ಲಿ ಏನಿದೆ? ತಪ್ಪು ಕಂಡರೆ ಮೊದಲು ನೀವಿಬ್ಬರೇ ಇರುವಾಗ ಹೇಳು. ಆಮೇಲೆ ಒಬ್ಬಿಬ್ಬರು ಸಾಕ್ಷಿ, ಕೊನೆಗೆ ಸಭೆ. ನೀವು ಹಿರಿಯರಿಗೆ ಹೇಳಿದಿರಿ, ನಮಗೆ ಹೇಳಿದಿರಿ. ಅವಳನ್ನು ಕೂರಿಸಿ, ಪೂರ್ತಿ ಸಾಲ ಇಷ್ಟು ಅಂತ ಇನ್ನೂ ಹೇಳಿಲ್ಲ ಅಂತ ಕಾಣುತ್ತದೆ.

ದೃಢವಾಕ್ಯ
ಇದಕ್ಕೆ ನನ್ನ ಆಕ್ಷೇಪ ಇಲ್ಲ. ಆದರೆ ಆ ಸಿಸ್ಟರಿಗೂ ಯಾರಾದರೂ ಜ್ಞಾನೋಕ್ತಿ 15:1 ಹೇಳಬೇಕು. ಮೃದುವಾದ ಉತ್ತರ ಕೋಪ ಇಳಿಸುತ್ತದೆ. ಎರಡೂ ಕಡೆಗೆ.

ರಾಯಚೂರು ರೊಟ್ಟಿ
ಎರಡೂ ಕಡೆಗೆ ಅಂದಿರಿ, ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳುತ್ತೇನೆ.

ಕುಕ್ಕರ್ ಮೂರು ವಿಷಲ್
ಟಾಟಾ ಏಸ್ ಈಗ ಓಡುತ್ತಿದೆಯಾ? ಬಾಡಿಗೆ ಬರುತ್ತಿದ್ದರೆ ಕಂತು ಯಾಕೆ ಬಾಕಿ?

ವಕೀಲಮ್ಮ
ಸರಿಯಾದ ಪ್ರಶ್ನೆ. ಮಾಳಿಗೆವಾಸಿಯವರೇ, 1872ರ ಕರಾರು ಕಾಯ್ದೆ 128ನೇ ಸೆಕ್ಷನ್ ಪ್ರಕಾರ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ, ಪತ್ರದಲ್ಲಿ ಬೇರೆ ಥರ ಬರೆದಿರದಿದ್ದರೆ. ಮೊದಲು ತಮ್ಮನನ್ನು ಹಿಡಿಯಿರಿ ಅಂತ ನೀವು ಹೇಳಲು ಆಗುವುದಿಲ್ಲ, ಸೊಸೈಟಿ ನೇರವಾಗಿ ನಿಮ್ಮ ಮೇಲೇ ಬರಬಹುದು. ನೀವು ಕಟ್ಟಿದ್ದನ್ನು ಆಮೇಲೆ ತಮ್ಮನಿಂದ ವಸೂಲಿ ಮಾಡುವ ಹಕ್ಕು 145ರಲ್ಲಿದೆ. ಸಹಿ ಹಾಕಿದ ಪತ್ರದ ಪ್ರತಿ ನಿಮ್ಮ ಹತ್ತಿರ ಇದೆಯಾ?

ಮಾಳಿಗೆವಾಸಿ
ಪ್ರತಿ ತಮ್ಮನ ಹತ್ತಿರ ಇದೆ. ಗಾಡಿ ಓಡುತ್ತಿದೆ, ಕಂತು ಯಾಕೆ ಕಟ್ಟಿಲ್ಲ ಅಂತ ಕೇಳಿದರೆ ಫೋನ್ ಎತ್ತುತ್ತಿಲ್ಲ. ಒಟ್ಟು ಎಷ್ಟು ಬಾಕಿ ಅಂತ ಸೊಸೈಟಿಯವರು ನನಗೂ ಹೇಳಬೇಕಲ್ವಾ?

ವಕೀಲಮ್ಮ
ಬರೆದು ಕೊಟ್ಟು ಕೇಳಿ, ಬಾಯಲ್ಲಿ ಬೇಡ. ಹಿಂಬರಹ ತೆಗೆದುಕೊಳ್ಳಿ. ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ. ಲೆಕ್ಕ ಅವರಿಗೆ ನಿಮಗಿಂತ ಚೆನ್ನಾಗಿ ಬರುವ ಹಾಗೆ ಕಾಣುತ್ತದೆ.